ಸೊನ್ನೆ ಅಂಕದ ಊರು

ಪರಾಗ್ವೆ ದೇಶದ ಪುರಸಭೆಗಳು ತಮ್ಮ ವೆಬ್‌ಸೈಟುಗಳಲ್ಲಿ ಜನರಿಗೆ ಏನು ತೋರಿಸುತ್ತವೆ, ಏನು ಬಚ್ಚಿಡುತ್ತವೆ ಎಂದು ನೋಡಿ ಅಂಕ ಕೊಡುವುದು ಡೋನ್ಯಾ ಎರ್ಮೆಲಿಂಡಾರ ಕೆಲಸ. ತೆರೆರೆ ಎಂಬ ತಣ್ಣನೆಯ ಸೊಪ್ಪಿನ ಪಾನೀಯ ಹೀರುತ್ತಾ ಕಂಪ್ಯೂಟರಿನ ಮುಂದೆ ಕೂತರೆಂದರೆ ಅತ್ತೆ ಸೊಸೆಯ ಅಡುಗೆಮನೆ ಹೊಕ್ಕಂತೆ. ಒಂದೊಂದು ಡಬ್ಬಿಯ ಮುಚ್ಚಳವನ್ನೂ ತೆಗೆದು ನೋಡದೆ ಬಿಡುವವರಲ್ಲ. ಟೆಂಡರಿನ ಪುಟ ತೆರೆಯದಿದ್ದರೆ ಆ ಕ್ಷಣವೇ ಫೋನು: "ಏನಪ್ಪಾ, ಬಾಗಿಲೇನೋ ಇಟ್ಟಿದ್ದೀರಿ, ಒಳಗೆ ಮನೆಯೇ ಇಲ್ವಲ್ಲ?" ರಿಬ್ಬನ್ ಕತ್ತರಿಸುವ ಹಳೆಯ ಫೋಟೊ ಕಂಡರಂತೂ ಮೈಯೆಲ್ಲ ಉರಿ. "ಆ ಕತ್ತರಿಗೇ ತುಕ್ಕು ಹಿಡಿದಿರತ್ತೆ, ತೆಗೀರಿ ಅತ್ಲಾಗೆ." ಅವರ ಫೋನು ಬಂತೆಂದು ಒಬ್ಬ ಮೇಯರು ಮಗಳ ಮದುವೆಯ ನಡುವೆ ಎದ್ದುಹೋಗಿ ವೆಬ್‌ಸೈಟಿಗೆ ಬಜೆಟ್ ಹಾಕಿಸಿದರಂತೆ. ಸಾನ್ ಎಫ್ರೆನ್ ಎಂಬ ಪುಟ್ಟ ಊರಿನ ಪುಟ ಮಾತ್ರ ವರ್ಷಗಳಿಂದ ಹಾಗೇ ಇದೆ: ಸೇತುವೆಯ ಉದ್ಘಾಟನೆ, ಜಡಿಮಳೆ, ಮೇಯರ ತಲೆಗೆ ಕೊಡೆ ಹಿಡಿದು ತಾನು ತೊಯ್ದು ತೊಪ್ಪೆಯಾಗಿ ನಗುತ್ತಿರುವ ವೆನಾನ್ಸಿಯೊ, ಎರ್ಮೆಲಿಂಡಾರ ತೀರಿಹೋದ ಗಂಡ. ಫೋಟೊ ಬೇಕಿದ್ದರೆ ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಿತ್ತು. ಆದರೆ ಅವನು ಊರಿಗೆಲ್ಲ ಕಾಣುವ ಜಾಗ ಅದೊಂದೇ. ಪ್ರತಿ ವರ್ಷ ಆ ಊರಿಗೆ ತಪ್ಪದೆ ಸೊನ್ನೆ ಬರೆಯುತ್ತಾರೆ, ಫೋನು ಮಾತ್ರ ಮಾಡುವುದಿಲ್ಲ. ಈ ಸಲ ಅಲ್ಲಿಗೆ ಹೊಸದಾಗಿ ಬಂದ ಗುಮಾಸ್ತೆಯೇ ಫೋನು ಮಾಡಿ, "ಅಮ್ಮಾ, ಹಳೇದೆಲ್ಲ ಕಿತ್ತಾಕಿ ಈ ವಾರವೇ ಹೊಸದು ಹಾಕ್ತೀವಿ" ಎಂದಳು. ಎರ್ಮೆಲಿಂಡಾ ಪರದೆಯ ಮೇಲಿನ ಕೊಡೆಯನ್ನೇ ನೋಡುತ್ತಾ ಹೇಳಿದರು: "ಹಾಕಮ್ಮ, ಹಾಕ್ಲೇಬೇಕು. ಆದ್ರೆ ಅಷ್ಟೊಂದು ಅವಸರ ಏನಿಲ್ಲ."