ನಾಲ್ಕು ಚಹಾದ ಎಣ್ಣೆ

ನಮ್ಮಪ್ಪ ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ, ಉಕ್ಕನ್ನು ಸವರಿ ಸಮ ಮಾಡುವ ಸರ್ಫೇಸ್ ಗ್ರೈಂಡಿಂಗ್ ಮಷೀನು ನಡೆಸಿದವರು. ಹೊತ್ತು ಅಳೆಯಲು ಅವರಿಗೆ ಗಡಿಯಾರ ಬೇಕಿರಲಿಲ್ಲ, ಚಹಾ ಸಾಕಿತ್ತು. ಬೆಳಿಗ್ಗೆ ಪಂಪು ಹಾಕಿ, ಮಷೀನಿನ ಮೇಜನ್ನು ಖಾಲಿ ಓಡಾಡಲು ಬಿಟ್ಟು, ಹೊರಗೆ ಹೋಗಿ ಒಂದು ಚಹಾ ಕುಡಿದು ಬರುವುದು. ಅಷ್ಟರಲ್ಲಿ ಒಳಗಿನ ಎಣ್ಣೆ ಬೆಚ್ಚಗಾಗಿರುತ್ತಿತ್ತು. ರಜೆಯಲ್ಲಿ ಊಟದ ಡಬ್ಬಿ ಕೊಡಲು ಹೋದ ನಾನು ಅಲ್ಲೇ ನಿಂತುಬಿಡುತ್ತಿದ್ದೆ. ನೀರಿನಡಿ ಕಲ್ಲು ಉಕ್ಕನ್ನು ಸವರುವ ಆ ಸದ್ದು ನನಗೆ ಎಷ್ಟು ಇಷ್ಟ ಅಂತೀರಿ! "ದೂರ ನಿಲ್ಲವಾ, ಇದು ನಿನ್ನ ಕೆಲಸ ಅಲ್ಲ. ನೀ ಓದು" ಅನ್ನುತ್ತಿದ್ದರು ಅಪ್ಪ. ಓದಿದೆ. ಓದಿ ನೆದರ್ಲೆಂಡ್ಸಿನ ನ್ಯೂವೆಗೈನ್ ಎಂಬ ಊರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಡ್ರಾಯಿಂಗ್ ಮಾಡುವ ಇಂಜಿನಿಯರ್ ಆದೆ.

ಅಲ್ಲೂ ಒಂದು ಹಳೇ ಗ್ರೈಂಡಿಂಗ್ ಮಷೀನಿತ್ತು. ನಡೆಸುತ್ತಿದ್ದವನು ಅರವತ್ತು ದಾಟಿದ ಡಚ್ ಮುದುಕ. ಮಾತು ಕಮ್ಮಿ, ಆದರೆ ನಾನು ಹೋಗಿ ನಿಂತರೆ ಜೇಬಿನಿಂದ ಕರೀ ಪೆಪ್ಪರ್‌ಮಿಂಟು ತೆಗೆದು ಕೊಡುತ್ತಿದ್ದ. ಥೂ, ಉಪ್ಪುಪ್ಪು! ಆದರೂ ತಿನ್ನುತ್ತಿದ್ದೆ. ಕೊರೊನಾ ಬಂದ ವರ್ಷದ ಚಳಿಗಾಲದಲ್ಲಿ ಅವನು ಆಸ್ಪತ್ರೆ ಸೇರಿದ, ಮೂಗಿಗೆ ಆಕ್ಸಿಜನ್. ಅದೇ ವಾರ ಗ್ರೈಂಡ್ ಮಾಡಲು ಏಳು ಉಕ್ಕಿನ ಪ್ಲೇಟು ಬಂದವು. ಗಿರಾಕಿಗೆ ಬೇಕಾದದ್ದು ಆರು. ಮಾಲೀಕ ನೇರವಾಗಿ ಹೇಳಿದ: "ಶುಕ್ರವಾರದೊಳಗೆ ಆಗದಿದ್ದರೆ ಈ ಕೆಲಸ ಇನ್ನು ಹೊರಗೆ ಕೊಡುತ್ತೇನೆ. ಮಷೀನು ಗುಜರಿಗೆ." ಮಷೀನು ಹೋದರೆ ಮುದುಕ ವಾಪಸ್ ಬಂದು ಯಾವುದರ ಮುಂದೆ ನಿಲ್ಲಬೇಕು? "ನಾನು ಮಾಡ್ತೀನಿ" ಅಂದುಬಿಟ್ಟೆ. ಕೈಯಲ್ಲಿ ಮೌಸ್ ಬಿಟ್ಟು ಬೇರೇನೂ ಹಿಡಿಯದವಳು!

ಮಷೀನಿನ ಲೆಕ್ಕ ಸರಳ. ಮೇಜಿನ ಮೇಲಿನ ಅಯಸ್ಕಾಂತ ಪ್ಲೇಟನ್ನು ಹಿಡಿದಿರುತ್ತದೆ. ಪಂಪು ಒತ್ತಿದ ಎಣ್ಣೆ ಮೇಜನ್ನು ಒಂದು ಕಡೆಗೆ ತಳ್ಳುತ್ತದೆ. ಮೇಜು ಕೊನೆ ಮುಟ್ಟಿದಾಗ ಅದರ ಪಕ್ಕದ ಗೂಟ ಒಂದು ಹಿಡಿಕೆಗೆ ಬಡಿಯುತ್ತದೆ, ಎಣ್ಣೆ ದಾರಿ ಬದಲಿಸಿ ಮೇಜನ್ನು ಹಿಂದಕ್ಕೆ ತಳ್ಳುತ್ತದೆ. ಮೇಲೆ ತಿರುಗುವ ಕಲ್ಲು ಪ್ರತಿ ಸಲ ಕೂದಲೆಳೆಗಿಂತ ತೆಳ್ಳಗೆ ಉಕ್ಕನ್ನು ಸವರುತ್ತದೆ. ಅಪ್ಪನ ಹಾಗೇ ಪಂಪು ಹಾಕಿ, ಒಂದು ಚಹಾ ಕುಡಿದು ಬಂದು, ಮೊದಲ ಪ್ಲೇಟು ಹಿಡಿಸಿದೆ. ಮೇಜು ಮುಗ್ಗರಿಸುತ್ತಾ ಓಡಿತು. ಅಳೆದು ನೋಡಿದರೆ ಒಂದು ಮೂಲೆ ತಗ್ಗು. ಸರಿ ಮಾಡಲು ಹೋದರೆ ಪ್ಲೇಟೇ ಅಳತೆಗಿಂತ ತೆಳ್ಳಗಾಗುತ್ತದೆ. ಒಂದು ಹೋಯಿತು, ಉಳಿದದ್ದು ಸರಿಯಾಗಿ ಆರು.

ಅಪ್ಪನಿಗೆ ಫೋನು ಮಾಡಿದೆ. ಊಟಕ್ಕೆ ಕೂತಿದ್ದರು. ನಾನು ಮಷೀನು ಮುಟ್ಟಿದೆ ಅಂತ ಬೈಯುತ್ತಾರೆ ಅಂದುಕೊಂಡಿದ್ದೆ. "ಫೋನು ಮೇಜಿನ ಹತ್ರ ಹಿಡಿ" ಅಂದರು. ಹಿಡಿದೆ.

"ಎಣ್ಣಿ ಇನ್ನೂ ಗಟ್ಟಿ ಐತಿ, ಅದಕ್ಕ ಮೇಜು ಮುಗ್ಗರಸಾಕತ್ತೈತಿ. ಎಷ್ಟು ಹೊತ್ತು ಓಡಿಸಿದಿ?"

"ಒಂದು ಚಹಾ, ಅಪ್ಪಾ. ನೀ ಮಾಡ್ತಿದ್ದಂಗ."

"ಮತ್ತ ಈ ಗಾಳಿ ಸಪ್ಪಳ ಎಲ್ಲಿಂದು?"

"ಕೊರೊನಾಕ್ಕ ಬಾಗಿಲಾ ಎಲ್ಲಾ ತಗದಿಟ್ಟಾರ. ಗಾಳಿ ಆಡಬೇಕಂತ."

"ಥಂಡಿ ಎಷ್ಟೈತಿ ಅಲ್ಲೆ?"

"ನೀರು ಹೆಪ್ಪುಗಟ್ಟೋ ಅಷ್ಟು."

ಅಪ್ಪ ಊಟದ ತಟ್ಟೆ ಸರಿಸಿದ ಸದ್ದು ಕೇಳಿತು. "ಆ ಬಾಗಿಲಾ ಒಂದು ಮುಚ್ಚಸು. ಒಂದು ಚಹಾ ನಮ್ಮ ಬೆಳಗಾವಿ ಲೆಕ್ಕ, ಅಲ್ಲೆ ನಾಲ್ಕು ಚಹಾ ಆಗೋತನಾ ಪ್ಲೇಟು ಮುಟ್ಟಬ್ಯಾಡ" ಅಂದರು. "ಒಬ್ಬಾಕಿನೇ ಹೆಂಗ ಕುಡೀತಿ, ನಾನೂ ಇಲ್ಲೆ ಕುಡೀತೀನಿ."

ಮಾಲೀಕನ ಜೊತೆ ಜಗಳವಾಡಿ ಮಷೀನಿನ ಹತ್ತಿರದ ಬಾಗಿಲು ಮುಚ್ಚಿಸಿದೆ, ಉಳಿದವು ತೆರೆದೇ ಇದ್ದವು. ದಿನಾ ಬೆಳಿಗ್ಗೆ ಹೀಗೇ ನಡೆಯಿತು: ಇಲ್ಲಿ ನಾನು, ಅಲ್ಲಿ ಅಪ್ಪ, ನಡುವೆ ಖಾಲಿ ಓಡಾಡುವ ಮೇಜು. ಬಿಸಿನೀರಲ್ಲಿ ಚೀಲ ಅದ್ದಿದ ನನ್ನ ಚಹಾವನ್ನು ಅವರು ಫೋನಿನಲ್ಲೇ ಆಡಿಕೊಂಡು ನಗುತ್ತಿದ್ದರು. ನಾಲ್ಕನೇ ಕಪ್ಪಿನ ಹೊತ್ತಿಗೆ ಮೇಜಿನ ಮುಗ್ಗರಿಸುವಿಕೆ ನಿಂತು, ಉದ್ಯಮಬಾಗದ ಅದೇ ಸದ್ದು ಬರುತ್ತಿತ್ತು. "ಹಾಂ, ಈಗ ಹಿಡಸವಾ" ಅನ್ನುತ್ತಿದ್ದರು ಅಪ್ಪ. ಶುಕ್ರವಾರ ಮಧ್ಯಾಹ್ನ ಆರೂ ಪ್ಲೇಟು ಪಾಸಾದವು, ಮಷೀನು ಉಳಿಯಿತು.

ಬೇಸಿಗೆಯಲ್ಲಿ ಮುದುಕ ವಾಪಸ್ ಬಂದ, ಅರ್ಧದಷ್ಟಾಗಿದ್ದ. ಮೇಜನ್ನು ಒಮ್ಮೆ ಓಡಿಸಿ ಕಿವಿಗೊಟ್ಟು ಕೇಳಿ, ನನಗೊಂದು ಕರೀ ಪೆಪ್ಪರ್‌ಮಿಂಟು ಕೊಟ್ಟ.

ನಿಂತಿದ್ದ ವಿಮಾನ ಮತ್ತೆ ಶುರುವಾದ ಮೇಲೆ ಕೆಟ್ಟ ಪ್ಲೇಟನ್ನು ಬಟ್ಟೆಯಲ್ಲಿ ಸುತ್ತಿ ಬೆಳಗಾವಿಗೆ ಒಯ್ದೆ. ಅಪ್ಪ ಅದರ ತಗ್ಗಾದ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದರು. "ನನ್ನ ತಪ್ಪು, ಅಪ್ಪಾ" ಅಂದೆ.

"ನಿಂದಲ್ಲ ಬಿಡು" ಅಂದರು. "ಎಂಟು ವರ್ಷಾತು ನೀ ಹೋಗಿ. ಪಗಾರ ಕೇಳೀನಿ, ರಜಾ ಕೇಳೀನಿ. ಅಲ್ಲೆ ಥಂಡಿ ಎಷ್ಟಿರತೈತಿ ಅಂತ ಅವತ್ತಿನತನಾ ಒಮ್ಮೆನೂ ಕೇಳಿದ್ದಿಲ್ಲ."