ಏಟಿಗೆ ಒನ್ಸ್ ಮೋರ್

ಏಟು ತಿನ್ನುವುದೂ ಒಂದು ವಿದ್ಯೆ. ಯಾರು ಬೇಕಾದರೂ ತಿನ್ನಬಹುದು ಅಂತ ನೀವು ಅಂದುಕೊಂಡಿದ್ದರೆ ಅದು ತಪ್ಪು. ಮದುವೆಯಾಗಿ ಪಂಚನಹಳ್ಳಿಗೆ ಹೋದಾಗ ನನಗೂ ಬರುತ್ತಿರಲಿಲ್ಲ. ಗಂಡ ಮುದ್ದೆ ಕೋಲಿನಲ್ಲಿ ಬಾರಿಸುತ್ತಿದ್ದ, ನಾನು ಪೆದ್ದಿಯ ಹಾಗೆ ನಿಂತು ಅಷ್ಟನ್ನೂ ತಿನ್ನುತ್ತಿದ್ದೆ. ಒಂದು ದಿನ ನನ್ನ ಬೆನ್ನಿನ ಮೇಲೇ ಕೋಲು ಮುರಿಯಿತು. ಕೋಲು ಹಾಳಾಯಿತು ಅಂತ ಅದಕ್ಕೂ ನನ್ನನ್ನೇ ಬೈದ. ಅವತ್ತು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ಕಡೂರಿಗೆ, ಅಪ್ಪನ ಟೀ ಹೋಟೆಲಿಗೆ ಬಂದುಬಿಟ್ಟೆ.

ಹೋಟೆಲು ರೈಲ್ವೆ ಸ್ಟೇಷನ್ ರಸ್ತೆಯಲ್ಲಿತ್ತು. ಲೋಟ ತೊಳೆಯುತ್ತಾ ಬಂದುಹೋಗುವವರ ನಡಿಗೆ, ಕೆಮ್ಮು, ಟೀ ಹೀರುವ ಸದ್ದು ಎಲ್ಲವನ್ನೂ ಅಣಕಿಸುವುದು ನನ್ನ ಚಾಳಿ. ಆ ವರ್ಷ ಸಂತೆ ಮೈದಾನದಲ್ಲಿ ಒಂದು ನಾಟಕ ಕಂಪನಿ ಟೆಂಟು ಹಾಕಿತ್ತು. ಅದರ ಯಜಮಾನರು ಒಂದು ಬೆಳಿಗ್ಗೆ ಟೀಗೆ ಬಂದವರು, ನಾನು ಅವರದೇ ನಡಿಗೆಯನ್ನು ಅಡುಗೆಮನೆ ಬಾಗಿಲಲ್ಲಿ ಮಾಡುತ್ತಿದ್ದುದನ್ನು ನೋಡಿಬಿಟ್ಟರು. ಬೈಯುತ್ತಾರೆ ಅಂದುಕೊಂಡೆ. "ಹಾಸ್ಯದ ಹೆಣ್ಣು ಪಾತ್ರಕ್ಕೆ ಬತ್ತೀಯೇನಮ್ಮ?" ಅಂದರು.

ಅಪ್ಪ ತಲೆ ಮೇಲೆ ಕೈ ಹೊತ್ತು ಕೂತರು. "ಮಾನ ಹೋಯ್ತು" ಅಂದರು.

"ಮಾನನ ಪಂಚನಹಳ್ಳೀಲೇ ಬಿಟ್ಟು ಬಂದೆ ಕಣಪ್ಪ. ಬೇಕಾದ್ರೆ ಹೋಗಿ ತಗೊಂಡ್ ಬಾ" ಅಂದೆ. ನಾನು ಹೊರಡುವ ದಿನ ಅಪ್ಪ ಒಂದು ಹೊಸ ಚಾಪೆ ಮಾತ್ರ ಸುತ್ತಿ ಕೊಟ್ಟರು.

ಕಂಪನಿಯಲ್ಲಿ ನನಗೆ ಎರಡು ಕೆಲಸ. ಆಟ ಶುರುವಾಗುವ ಮುಂಚೆ ಪರದೆಯ ಮುಂದೆ ಬಂದು ಜನರನ್ನು ಮಾತಾಡಿಸುವುದು ಒಂದು. ಯಾರ ಮನೆ ಎಮ್ಮೆ ಯಾರ ಹೊಲಕ್ಕೆ ನುಗ್ಗಿತು ಅಂತ ಊರಿನ ಸುದ್ದಿಯನ್ನೇ ಊರಿಗೆ ಹೇಳಿ ನಗಿಸಬೇಕು. ಇನ್ನೊಂದು, ನಾಟಕದ ನಡುವೆ ಬರುವ ಹಾಸ್ಯದ ಜೋಡಿಯಲ್ಲಿ ಹೆಂಡತಿಯಾಗುವುದು. ಗಂಡನ ಪಾತ್ರದವನು ಕಂಪನಿಯ ಹೆಸರಾಂತ ಹಾಸ್ಯಗಾರ. ಮೂರು ತಾಲ್ಲೂಕಿನ ಜನ ಅವನ ಮುಖ ಕಂಡರೇ ನಗುತ್ತಿದ್ದರು. ರಂಗದ ಮೇಲೆ ಅವನು ನನಗೆ ಗಂಡ, ಇಳಿದ ಮೇಲೆ ಅಣ್ಣ. ಕಂಪನಿಗಳಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ.

ನಮ್ಮ ಸೀನು ಇಷ್ಟೇ. ಅಣ್ಣ ಊಟಕ್ಕೆ ಕೂತು, "ಸಾರಿಗೆ ಉಪ್ಪೆಲ್ಲೇ?" ಅನ್ನಬೇಕು. ನಾನು, "ಅತ್ಕೊಂಡೇ ಮಾಡಿದ್ದೀನಲ್ರೀ, ಕಣ್ಣೀರಲ್ಲಿರೋ ಉಪ್ಪು ಸಾಲ್ದಾ?" ಅನ್ನಬೇಕು. ಅವನು ಎದ್ದು ಕೆನ್ನೆಗೆ ಬಾರಿಸುತ್ತಾನೆ, ನಾನು ಒಂದು ಸುತ್ತು ತಿರುಗಿ ಬೀಳುತ್ತೇನೆ. ಜನ ಬಿದ್ದು ಬಿದ್ದು ನಗುತ್ತಾರೆ. ಆ ಏಟನ್ನು ನನಗೆ ಕಲಿಸಿದವರು ತಬಲಾ ಮೇಷ್ಟ್ರು. "ಕೈ ಅವಂದು, ಸದ್ದು ನಂದು, ಮುಖ ನಿಂದು ಕಣಮ್ಮ" ಅನ್ನುತ್ತಿದ್ದರು. ಅಣ್ಣನ ಕೈ ನನ್ನ ಕೆನ್ನೆಯ ಮುಂದೆ ಗಾಳಿಯಲ್ಲಿ ಹಾದುಹೋಗುತ್ತದೆ, ಅದೇ ಗಳಿಗೆಗೆ ಮೇಷ್ಟ್ರು ರಂಗದ ಕೆಳಗಿನಿಂದ ತಬಲಾಕ್ಕೆ ಫಟ್ಟನೆ ಬಿಗಿಯುತ್ತಾರೆ, ಅದೇ ಗಳಿಗೆಗೆ ನಾನು ಮುಖ ಹೊರಳಿಸಬೇಕು. ಮೂರೂ ಕೂಡಿದರೆ ಏಟು. ಮನೆಯಲ್ಲಿ ಬಿಟ್ಟಿಯಾಗಿ ತಿನ್ನುತ್ತಿದ್ದದ್ದಕ್ಕೆ ಇಲ್ಲಿ ಸಂಬಳ, ಅದೂ ನೋವಿಲ್ಲದೆ. ಆ ವರ್ಷಗಳಲ್ಲಿ ನಾನು ಬಹಳ ಸಂತೋಷವಾಗಿದ್ದೆ.

ತರೀಕೆರೆ ಕ್ಯಾಂಪಿನಲ್ಲಿ ಎರಡು ಸಂಗತಿಯಾದವು.

ಮೊದಲನೆಯದಕ್ಕೆ ಒನ್ಸ್ ಮೋರ್ ಅಂದರೇನು ಅಂತ ಹೇಳಬೇಕು. ಹಾಡಾಗಲಿ ಮಾತಾಗಲಿ ಜನಕ್ಕೆ ಹಿಡಿಸಿದರೆ "ಒನ್ಸ್ ಮೋರ್" ಅಂತ ಕೂಗುತ್ತಾರೆ. ಕೂಗಿದರೆ ಮುಗಿಯಿತು, ಸತ್ತವನ ಪಾತ್ರವಾದರೂ ಎದ್ದು ಬಂದು ಮತ್ತೆ ಹಾಡಿ ಮತ್ತೆ ಸಾಯಬೇಕು. ತರೀಕೆರೆಯಲ್ಲಿ ನಮ್ಮ ನಾಯಕನಿಗೆ ಗಂಟಲು ಕಟ್ಟಿತ್ತು. ಮೂರನೇ ಒನ್ಸ್ ಮೋರ್‌ಗೆ ಕೈ ಮುಗಿದು ಒಳಗೆ ಹೋದ. ಮೊದಲು ಒಂದು ಚಪ್ಪಲಿ ಬಂತು. ಆಮೇಲೆ ಕಬ್ಬಿಣದ ಕುರ್ಚಿಗಳೇ ಹಾರಿದವು. ಪರದೆ ಹರಿಯಿತು, ಟ್ಯೂಬ್‌ಲೈಟುಗಳು ಒಡೆದವು, ತಬಲಾ ಮೇಷ್ಟ್ರ ಹಣೆ ಸೀಳಿ ರಕ್ತ ಬಿಳಿ ಜುಬ್ಬಾದ ಮೇಲೆ ಇಳಿಯಿತು. ಟಿಕೆಟ್ ಹರಿಯುವ ಹುಡುಗನನ್ನು ಕಂಬಕ್ಕೆ ಒತ್ತಿ ತುಳಿದರು. ಮಾರನೇ ಬೆಳಿಗ್ಗೆ ಯಜಮಾನರು ಎಲ್ಲರನ್ನೂ ಕೂರಿಸಿ ಹೇಳಿದರು: "ಒನ್ಸ್ ಮೋರ್ ಅಂದ್ಮೇಲೆ ಕೊಡ್ಲೇಬೇಕು. ಪ್ರಾಣ ಹೋದ್ರೂ ಕೊಡ್ಬೇಕು." ಅಂದಿನಿಂದ ಅದು ಕಂಪನಿಯ ಕಾನೂನಾಯಿತು.

ಎರಡನೆಯದು ಅದಾದ ಸ್ವಲ್ಪ ದಿನಕ್ಕೆ. ಅಣ್ಣ ಕುಡಿದಿರಲಿಲ್ಲ, ನಾನೂ ತಪ್ಪು ಜಾಗದಲ್ಲಿ ನಿಂತಿರಲಿಲ್ಲ, ಆದರೂ ಅವತ್ತು ಅವನ ಕೈ ನನ್ನ ಎಡಗೆನ್ನೆಗೆ ತಗುಲಿಯೇಬಿಟ್ಟಿತು. ನಿಜವಾದ ಏಟಿನ ಸದ್ದು ತಬಲಾದ ಸದ್ದಿನ ಹಾಗಿರುವುದಿಲ್ಲ, ಜನಕ್ಕೆ ಅದು ತಕ್ಷಣ ಗೊತ್ತಾಗುತ್ತದೆ. ಆಮೇಲೆ ಬಂದ ನಗು ಇದೆಯಲ್ಲ, ಅಂಥ ನಗುವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಗಂಡಸರು ಎದ್ದು ನಿಂತು ಒನ್ಸ್ ಮೋರ್ ಅಂದರು.

ಅಣ್ಣ ನನ್ನ ಮುಖ ನೋಡಿದ. ನಾನು ಕಣ್ಣಲ್ಲೇ ಬೇಡ ಅಂದೆ. ಅವನು ಮತ್ತೆ ಊಟಕ್ಕೆ ಕೂತು, "ಸಾರಿಗೆ ಉಪ್ಪೆಲ್ಲೇ?" ಅಂದ.

ಅವತ್ತಿನಿಂದ ಅವನ ಕೈಗೆ ಗಾಳಿಯಲ್ಲಿ ಹೋಗುವುದು ಮರೆತೇಹೋಯಿತು. ದಿನಾ ಏಟು, ಏಟಿಗೆ ಒನ್ಸ್ ಮೋರ್. ದವಡೆ ಊದಿಕೊಂಡು ಮುದ್ದೆ ನುಂಗಲೂ ಕಷ್ಟವಾಗುತ್ತಿತ್ತು. ಒಂದು ಸಲ ಹಲ್ಲು ಸಡಿಲಾಗಿ ಬಾಯಿ ತುಂಬಾ ರಕ್ತ ಬಂತು; ಉಗಿದರೆ ಜನ ಅದನ್ನೂ ಹಾಸ್ಯ ಅಂದುಕೊಂಡು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಸುಮ್ಮನೆ ತಬಲಾದ ಮೇಲೆ ಕೈಯಿಟ್ಟು ಕೂತಿರುತ್ತಿದ್ದರು. "ನನ್ ಕೆಲಸನೂ ಅವನೇ ಮಾಡ್ತಾವ್ನಲ್ಲಮ್ಮ" ಅಂದು ಮುಖ ತಿರುಗಿಸಿಕೊಂಡರು.

ಟೆಂಟಿನಲ್ಲಿ ಹೆಂಗಸರಿಗೆ ಬೇರೆ ಜಾಗ. ನಾನು ಜನದ ಕಡೆ ಮುಖ ಮಾಡಿ ನಿಂತರೆ ಅದು ನನ್ನ ಎಡಕ್ಕೆ, ನಡುವೆ ಒಂದು ಹಗ್ಗ. ಅವರು ನಕ್ಕರೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಒನ್ಸ್ ಮೋರ್ ಅಂತ ಕೂಗುವುದು ಗಂಡಸರ ಹಕ್ಕು. ಹೆಂಗಸರ ಕಡೆಯಿಂದ ಆ ಕೂಗು ಬಂದದ್ದನ್ನು ಕಂಪನಿಯಲ್ಲಿ ಯಾರೂ ಕಂಡಿರಲಿಲ್ಲ, ಕೇಳಿರಲೂ ಇಲ್ಲ.

ಅಜ್ಜಂಪುರದ ಕ್ಯಾಂಪಿಗೆ ಬರುವ ಹೊತ್ತಿಗೆ ನನ್ನ ಎಡಗಿವಿ ಸೋರುತ್ತಿತ್ತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಲೈಟು ಬಿಟ್ಟು ನೋಡಿ, "ಗಂಡ ಹೊಡೆದನೇನಮ್ಮ?" ಅಂದರು.

"ಹೂಂ ಸಾರ್, ನಾಟಕದ ಗಂಡ."

ಅವರು ನಗಲಿಲ್ಲ. "ಕಿವಿಯ ತಮಟೆ ಹರಿದಿದೆ. ಜೋಪಾನ ಮಾಡಿದರೆ ಕೂಡಿಕೊಳ್ಳಬಹುದು. ಇನ್ನೊಂದು ಏಟು ಬಿದ್ದರೆ ಈ ಕಿವಿಯ ಆಸೆ ಬಿಡು" ಅಂದರು.

ಕಿವಿ ಹೋದರೆ ಹಾಸ್ಯದವರಿಗೆ ಉಳಿಯುವುದೇನು? ನಗು ಎಲ್ಲಿ ಎದ್ದಿತು, ಯಾವಾಗ ಇಳಿಯಿತು, ಮುಂದಿನ ಮಾತು ಯಾವಾಗ ಬಿಡಬೇಕು, ಎಲ್ಲಾ ಕಿವಿಯಲ್ಲೇ ಇರುವುದು. ನನಗೆ ಬೇರೆ ಕಸುಬು ಗೊತ್ತಿಲ್ಲ. ಹೆದರಿಕೆಯಾಯಿತು. ಸೀದಾ ಯಜಮಾನರ ಹತ್ತಿರ ಹೋಗಿ, "ಆ ಏಟಿನ ಸೀನು ತೆಗೆದುಬಿಡಿ ಯಜಮಾನ್ರೇ, ಇಲ್ಲಾ ಮೊದಲಿನ ಹಾಗೆ ಸುಳ್ಳೇಟು ಹಾಕ್ಸಿ" ಅಂತ ಕೈ ಮುಗಿದೆ.

ಯಜಮಾನರು ಕೆಟ್ಟವರಲ್ಲ, ಹೆದರಿದವರು. ಕಡೂರಿನಲ್ಲಿ ಯಾರೋ ಸಾಹುಕಾರರು ಎತ್ತರದ ಆಂಟೆನಾ ನೆಟ್ಟು ಟೀವಿ ತಂದಿದ್ದರು. ಭಾನುವಾರ ಅವರ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ ಅಂತ ಸುದ್ದಿ. "ಟೀವೀಲಿ ಹೊಡಿಯೋದು ಸುಳ್ಳು ಅಂತ ಜನಕ್ಕೆ ಗೊತ್ತು ಕಣಮ್ಮ. ನಮ್ಮಲ್ಲಿ ನಿಜ ಅಂತಾನೇ ಶಿವನಿಯಿಂದ ರೈಲು ಹತ್ಕೊಂಡ್ ಬತ್ತಾರೆ. ಅದನ್ನ ತೆಗೆದ್ರೆ ಟೆಂಟು ಎತ್ಬೇಕು. ಇಷ್ಟು ಜನದ ಹೊಟ್ಟೆ ನೋಡು" ಅಂದರು.

ಅಣ್ಣನನ್ನು ಕೇಳಿದೆ. ಅವನು ಬಿಸಿಲಿಗೆ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದ.

"ನಾನೆಲ್ಲಿ ಹೊಡೀತೀನಿ ಕಣೇ? ಜನ ಹೊಡಿಸ್ತಾರೆ" ಅಂದ. ಆಮೇಲೆ ಅಂಗಿ ಎತ್ತಿ ಬೆನ್ನು ತೋರಿಸಿದ. ಚಿಕ್ಕಂದಿನಲ್ಲಿ ಬೀಳುವುದನ್ನು ಕಲಿಸಲು ಅವನ ಗುರು ಹುಣಿಸೆ ಬರಲಿನಲ್ಲಿ ಹೊಡೆದ ಗೆರೆಗಳು ಇನ್ನೂ ಇದ್ದವು. "ನಾನು ಅತ್ತಿದ್ದೀನಾ? ಹಾಸ್ಯ ಅಂದ್ರೆ ಸುಮ್ನೇನಾ?"

"ನಿನಗೆ ಹೊಡೆದವನಿಗೆ ಹೊಡಿ ಅಣ್ಣ. ನಂಗ್ಯಾಕೆ?" ಅಂದೆ.

"ಅವನು ಸತ್ತ" ಅಂದು ಕತ್ತಿ ತೊಳೆದುಕೊಂಡ. ಒಂದು ಕ್ಷಣ ಅವನ ಮೇಲೆ ಕನಿಕರ ಬಂತು. ಸಂಜೆ ಹೊತ್ತಿಗೆ ಅದು ಹೋಯಿತು.

ಕಿವಿಗೆ ಹತ್ತಿ ತುರುಕಿಕೊಂಡು, ಮುಖವನ್ನು ಸ್ವಲ್ಪ ಬೇಗ ಹೊರಳಿಸಿ, ಏಟು ದವಡೆಗೆ ಬೀಳುವ ಹಾಗೆ ಮಾಡಿಕೊಂಡು ಕೆಲವು ಆಟ ದಾಟಿಸಿದೆ. ಸದ್ದು ಚೆನ್ನಾಗಿ ಬರುತ್ತಿಲ್ಲ ಅಂತ ಅಣ್ಣನಿಗೆ ಸಿಟ್ಟು. ಭಾನುವಾರ ಮಧ್ಯಾಹ್ನದ ಆಟಕ್ಕೆ ಮೊದಲು, "ಇವತ್ತು ಮುಖ ಕದ್ದೆ ಅಂದ್ರೆ ನೋಡು" ಅಂದ.

ಮಧ್ಯಾಹ್ನದ ಆಟಕ್ಕೆ ಹೆಂಗಸರು ಹೆಚ್ಚು. ಮನೆಕೆಲಸ ಮುಗಿಸಿ, ಕೂಸುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಹಗ್ಗದ ಆಚೆ ಚಾಪೆಯ ಮೇಲೆ ಕೂತಿದ್ದರು. ಪರದೆಯ ಮುಂದೆ ನಿಂತು ನಾನು ಅವರನ್ನೇ ಹೆಚ್ಚು ಮಾತಾಡಿಸಿದೆ. ಮುದ್ದೆ ಕೋಲಿನ ಎರಡು ಉಪಯೋಗ ಯಾವುವು ಅಂತ ಕೇಳಿದೆ. ಒಬ್ಬಳು ಥಟ್ಟನೆ ಬೆನ್ನು ಮುಟ್ಟಿಕೊಂಡು ತೋರಿಸಿದಳು. ಎಲ್ಲರೂ ಸೆರಗು ಬಾಯಿಗಿಟ್ಟರು.

ನಮ್ಮ ಸೀನು ಬಂತು. ಉಪ್ಪಿನ ಮಾತಾಯಿತು, ಕಣ್ಣೀರಿನ ಮಾತಾಯಿತು. ಅಣ್ಣ ಎಡಗೈಯಲ್ಲಿ ನನ್ನ ತುರುಬು ಹಿಡಿದು ಮುಖ ಅಲ್ಲಾಡದ ಹಾಗೆ ಮಾಡಿ, ಬಲಗೈಯಲ್ಲಿ ಬಿಟ್ಟ. ಕಿವಿಯ ಮೇಲೇ ಬಿತ್ತು. ಒಳಗೆ ಕಾದ ಸಲಾಕೆ ಇಟ್ಟ ಹಾಗಾಯಿತು. ಆಮೇಲೆ ಆ ಕಡೆ ಏನೂ ಇಲ್ಲ. ನೋವಿತ್ತು, ಸದ್ದಿರಲಿಲ್ಲ. ನೆಲದ ಮೇಲೆ ಬಿದ್ದುಕೊಂಡೇ ಎಡಗಿವಿಯ ಹತ್ತಿರ ಚಿಟಿಕೆ ಹೊಡೆದು ನೋಡಿದೆ. ಏನೂ ಕೇಳಿಸಲಿಲ್ಲ. ಬಲಗಿವಿಯಲ್ಲಿ ಗಂಡಸರು ಚೆನ್ನಾಗಿ ಕೇಳಿಸುತ್ತಿದ್ದರು. ಒನ್ಸ್ ಮೋರ್, ಒನ್ಸ್ ಮೋರ್.

ಎದ್ದೆ. ಕತ್ತಿನ ಮೇಲೆ ಏನೋ ಬೆಚ್ಚಗೆ ಇಳಿಯುತ್ತಿತ್ತು. ಅಣ್ಣ ಊಟಕ್ಕೆ ಕೂತು, "ಸಾರಿಗೆ ಉಪ್ಪೆಲ್ಲೇ?" ಅಂದ. ನಾನು ನನ್ನ ಮಾತು ಹೇಳಿದೆ, ಒಂದಕ್ಷರ ತಪ್ಪದೆ. ಅವನು ಎದ್ದು ತುರುಬಿಗೆ ಕೈ ಹಾಕಲು ಬಂದ. ಅಷ್ಟರಲ್ಲಿ ನಾನು ಬಾರಿಸಿದೆ.

ನೀರಿನ ಕೊಡ ಹೊತ್ತ ಕೈ, ಟೆಂಟಿನ ಹಗ್ಗ ಎಳೆದ ಕೈ. ಅವನ ತುಟಿ ಒಡೆದು ರಕ್ತ ನನ್ನ ಬಳೆಗೆ ಹತ್ತಿತು. ಒಂದು ಬಳೆ ಚೂರಾಯಿತು. ಅದೇ ಗಳಿಗೆಗೆ, ಎಷ್ಟೋ ತಿಂಗಳ ಮೇಲೆ, ಮೇಷ್ಟ್ರ ಕೈ ತಬಲಾದ ಮೇಲೆ ಫಟ್ಟನೆ ಬಿತ್ತು.

ಗಂಡಸರ ಕಡೆ ಮಾತೇ ನಿಂತುಹೋಯಿತು. ಅಣ್ಣ ಬಾಯಿ ಒರೆಸಿಕೊಂಡು, "ಹುಚ್ಚು ಹಿಡೀತೇನೇ ನಿಂಗೆ? ಕೊಂದ್ ಹಾಕ್ಬಿಡ್ತೀನಿ" ಅಂತ ಹಲ್ಲು ಕಚ್ಚಿ ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಅವನು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಎಡಕ್ಕೆ ಟೆಂಟಿನ ಒಳಗೆ ನೋಡುತ್ತಿದ್ದ. ಅವನ ಮುಖದ ಬಣ್ಣದ ಕೆಳಗೆ ಇನ್ನೊಂದು ಬಣ್ಣ ಇಳಿಯಿತು.

ಆ ಕಡೆಯ ಕಿವಿ ಸತ್ತಿತ್ತು, ನನಗೆ ಏನೂ ಕೇಳಿಸುತ್ತಿರಲಿಲ್ಲ. ತಿರುಗಿ ನೋಡಿದೆ. ಹಗ್ಗದ ಆಚೆ ಹೆಂಗಸರೆಲ್ಲ ಎದ್ದು ನಿಂತಿದ್ದರು. ಬಾಯಿಂದ ಸೆರಗು ತೆಗೆದಿದ್ದರು. ಕೂಸುಗಳು ಬೆದರಿ ಅಳುತ್ತಿದ್ದವು. ಎಲ್ಲರ ಬಾಯೂ ಒಟ್ಟಿಗೆ ತೆರೆದು ಮುಚ್ಚುತ್ತಿತ್ತು. ನಾನು ಉಳಿದ ಒಂದು ಕಿವಿಯನ್ನು ಅವರ ಕಡೆ ತಿರುಗಿಸಿದ ಮೇಲೆ ಆ ಕೂಗು ನನಗೂ ಕೇಳಿಸಿತು.

ಅಣ್ಣ ಪಕ್ಕದ ಪರದೆಯ ಮರೆಯಲ್ಲಿ ನಿಂತ ಯಜಮಾನರ ಮುಖ ನೋಡಿದ. ಯಜಮಾನರು ತರೀಕೆರೆಯಲ್ಲಿ ಹರಿದು ಆಮೇಲೆ ಹೊಲಿದ ಪರದೆಯನ್ನು ನೋಡಿದರು, ಕುರ್ಚಿಗಳನ್ನು ನೋಡಿದರು, ಆಮೇಲೆ ತಲೆ ತಗ್ಗಿಸಿದರು. ಅಣ್ಣ ಮೆಲ್ಲಗೆ ಹೋಗಿ ಊಟಕ್ಕೆ ಕೂತ. "ಸಾರಿಗೆ ಉಪ್ಪೆಲ್ಲೇ" ಅಂದ.

ಒನ್ಸ್ ಮೋರ್ ಅಂದ ಮೇಲೆ ಕೊಡಲೇಬೇಕು. ಕೊಟ್ಟೆ.