ತೊಟ್ಟಿಲ ದಿನದ ಕೆಮ್ಮು

ಅಂದು ನಾನು ಸೆರಗನ್ನು ಬಾಯಿಗೆ ಹಿಡಿದುಕೊಂಡಿದ್ದೆ ಎಂದೇ ನೆನಪು. ಆದರೆ ಈ ನೆನಪನ್ನು ನಾನು ನಂಬುವುದಿಲ್ಲ. ಅದು ನನಗೆ ಬೇಕಾದ ಹಾಗೆಯೇ ಉಳಿದುಕೊಂಡಿದೆ. ಕೂಸು ಹುಟ್ಟಿ ಹದಿಮೂರನೆಯ ದಿನವೋ ಹದಿನೈದನೆಯದೋ, ಅದೂ ಖಚಿತವಿಲ್ಲ.

ಸುರಪುರದಲ್ಲಿ ತಮ್ಮನ ಮಗಳ ತೊಟ್ಟಿಲ ಕಾರ್ಯ. ಶಹಾಪುರದಿಂದ ಬಸ್ಸಿನಲ್ಲಿ ಕೆಮ್ಮುತ್ತಲೇ ಹೋಗಿದ್ದೆ. ಎರಡು ವಾರದ ಕೆಮ್ಮು. ಕಾಲೇಜಿನ ಪಕ್ಕದ ಹತ್ತಿ ಮಿಲ್ಲಿನ ಧೂಳು ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

"ಅಕ್ಕಾರ, ಕೂಸಿಗೆ ಹತ್ತಂಗಿಲ್ಲಲ್ರಿ?" ತಮ್ಮನ ಹೆಂಡತಿ ಅಂಜುತ್ತ ಕೇಳಿದಳು.

"ಇದೇನ್ ನಾಯಿಕೆಮ್ಮಲ್ಲ ತಗೋವಾ, ಧೂಳಿಂದು. ಸಣ್ಣಾಕಿದ್ದಾಗ ನನಗ ಎಲ್ಲಾ ಸೂಜಿ ಹಾಕಿಸ್ಯಾರ."

ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು ನಾನು. ಲಸಿಕೆಯ ಬಲ ವರ್ಷ ಕಳೆದಂತೆ ಇಳಿಯುತ್ತದೆ ಎಂದು ಹಲಗೆಯ ಮೇಲೆ ಬರೆಯುತ್ತೇನೆ. ಲಸಿಕೆ ಪಡೆದವರ ನಡುವೆ ಬದುಕುವ ನಾಯಿಕೆಮ್ಮಿನ ರೋಗಾಣುವೂ ಬದಲಾಗುತ್ತದೆ. ಕೆಲವು ದೇಶಗಳಲ್ಲಿ, ಲಸಿಕೆ ಯಾವ ಪ್ರೋಟೀನನ್ನು ಗುರುತಿಸಲು ಮೈಗೆ ಕಲಿಸುತ್ತದೋ ಅದನ್ನು ತಯಾರಿಸುವುದನ್ನೇ ಬಿಟ್ಟ ತಳಿಗಳು ಹೆಚ್ಚಿವೆ. ಪರೀಕ್ಷೆಗೆ ಬರುತ್ತದೆಂದು ಅಡಿಗೆರೆ ಬೇರೆ ಹಾಕಿಸುತ್ತೇನೆ. ಮೆದುಳೇ ಇಲ್ಲದ ಜೀವಿ ಬದಲಾಯಿತು, ಎಂ.ಎಸ್ಸಿ. ಮಾಡಿದವಳು ಇದ್ದಲ್ಲೇ ಇದ್ದಳು.

ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಹೇಳುವಾಗ ಅವಳ ಬೆನ್ನಿಗೆ ಗುದ್ದುವುದು ಉಳಿದ ಹೆಂಗಸರ ಹಕ್ಕು. ಬಗ್ಗಿದೆ.

"ಜೋರ್ ಕೊಡ್ರೆ, ಲೆಕ್ಚರರ್ ಬೆನ್ನ ಗಟ್ಟಿ ಅದ!" ಎಂದಳು ಅವ್ವ.

ಗುದ್ದು ಬಿತ್ತು. ಹೆಸರಿನ ಜೊತೆಗೇ ಕೆಮ್ಮು ಉಕ್ಕಿತು. ಎಲ್ಲರೂ ನಕ್ಕರು, ನಾನೂ.

ಎರಡು ವಾರ ಕಳೆಯುವಷ್ಟರಲ್ಲಿ ಕೂಸು ಕೆಮ್ಮಿ ಕೆಮ್ಮಿ ಉಸಿರುಗಟ್ಟಿ ನೀಲಿಯಾಯಿತು. ಯಾದಗಿರಿಯ ಆಸ್ಪತ್ರೆಯಲ್ಲಿ ಡಾಕ್ಟರು, "ಮನ್ಯಾಗ ದೊಡ್ಡೋರಿಗೆ ಯಾರಿಗರೆ ಕೆಮ್ಮು ಅದ ಏನು?" ಎಂದು ಕೇಳಿದರು.

"ದೃಷ್ಟಿ ಆಗ್ಯಾದ್ರಿ ಸಾಹೇಬ್ರ," ಎಂದಳು ಅವ್ವ. ಅವಳ ಅಜ್ಞಾನಕ್ಕೆ ಮುಖ ಸಿಂಡರಿಸಿದೆ. ಬಾಯಿ ಮಾತ್ರ ಬಿಡಲಿಲ್ಲ.

"ನಿಂದು ಧೂಳಿನ ಕೆಮ್ಮು, ಅಲ್ಲೇನಕ್ಕಾ?" ಎಂದ ತಮ್ಮ.

ಪರೀಕ್ಷೆಯಲ್ಲಿ ನಾಯಿಕೆಮ್ಮೆಂದೇ ಬಂತು. ಹಳೆಯ ತಳಿಯೋ ಬದಲಾದದ್ದೋ, ವರದಿಯಲ್ಲಿರಲಿಲ್ಲ. ಬದಲಾದದ್ದೇ ಆಗಿರಲಿ ಎಂದು ನಾನು ಆಸೆಪಟ್ಟೆ. ತಪ್ಪನ್ನು ಅದರ ತಲೆಗೆ ಕಟ್ಟಬಹುದಿತ್ತಲ್ಲ. ಕೂಸು ಬದುಕಿ ಮನೆಗೆ ಬಂತು. ಅದರ ಮೊದಲ ಸೂಜಿಯನ್ನು ತಾಯಿ, ನನ್ನನ್ನು ಒಂದು ಮಾತೂ ಕೇಳದೆ, ತಾನೇ ಹೋಗಿ ಹಾಕಿಸಿದಳು.

ಮೊನ್ನೆ ಅವಳು ಕೂಸಿನ ಕುಂಚಿಗೆಯನ್ನು ಮಡಚುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು.

"ಹೆಸರು ಹೇಳೂವಾಗ ನನ್ನ ಬಾಯಿಗೆ ಸೆರಗ ಇತ್ತೇನವಾ?"